ಒಂದೇ ಮನೆ, ಒಂದೇ ಕ್ರಿಯಾಟಿನಿನ್, ಎರಡು ದಾರಿ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಾಲಾ ಶಿಕ್ಷಕ. ತಂದೆಗೆ 63 ವರ್ಷ, ದೊಡ್ಡಪ್ಪನಿಗೆ 65. ಇಬ್ಬರಿಗೂ ಹಳೆಯ ಸಕ್ಕರೆ ಕಾಯಿಲೆ. ಮೂರು ವರ್ಷಗಳ ಹಿಂದೆ ಒಂದೇ ವಾರ ರಕ್ತ ಪರೀಕ್ಷೆ ಮಾಡಿಸಿದಾಗ ಇಬ್ಬರ ಕ್ರಿಯಾಟಿನಿನ್ ಕೂಡ 1.8 ಇತ್ತು. ಒಂದೇ ಮನೆ, ಒಂದೇ ಒಲೆಯ ರೊಟ್ಟಿ, ಒಬ್ಬರೇ ವೈದ್ಯರು. ಈಗ ತಂದೆಯದು 1.9, ದೊಡ್ಡಪ್ಪನದು 3.6. ಮೇ ತಿಂಗಳಲ್ಲಿ ತಂದೆಯದು 2.2ಕ್ಕೆ ಏರಿದಾಗ ಮನೆಮಂದಿಯೆಲ್ಲ ಹೆದರಿದೆವು. ಪರಿಚಯದವರೊಬ್ಬರು ಕೊಟ್ಟ ಬೇರಿನ ಪುಡಿ ತೆಗೆದುಕೊಂಡ ಮೇಲೆ ಜುಲೈನಲ್ಲಿ 1.9ಕ್ಕೆ ಇಳಿಯಿತು. ಈ ಕಾಯಿಲೆಯವರಿಗೆ ಸರಾಸರಿ ಇಷ್ಟು ವರ್ಷಗಳಲ್ಲಿ ಡಯಾಲಿಸಿಸ್ ಬೇಕಾಗುತ್ತದೆ ಎಂದು ಓದಿದ್ದೇನೆ. ಆ ಸರಾಸರಿ ನಮ್ಮ ಮನೆಯಲ್ಲಿ ಯಾರಿಗೆ ಅನ್ವಯಿಸುತ್ತದೆ? ಮುಂದೇನಾಗುತ್ತದೆ ಎಂದು ಲೆಕ್ಕ ಹಾಕಿ ಹೇಳಬಹುದೇ? ಇಬ್ಬರ ಎಲ್ಲ ವರದಿಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಉತ್ತರ: ಮೊದಲು ಆ ಪುಡಿಯ ವಿಷಯ. ದಯವಿಟ್ಟು ಅದನ್ನು ಇಂದೇ ನಿಲ್ಲಿಸಿ, ಪೊಟ್ಟಣವನ್ನು ನಿಮ್ಮ ವೈದ್ಯರಿಗೆ ತೋರಿಸಿ. ಕಾರಣವನ್ನು ಮುಂದೆ ಹೇಳುತ್ತೇನೆ. ಅದು ನಿಮ್ಮ ಪ್ರಶ್ನೆಯ ಲೆಕ್ಕದೊಳಗೇ ಅಡಗಿದೆ.

ನಾನು ವೈದ್ಯನಲ್ಲ, ಸಂಖ್ಯಾಶಾಸ್ತ್ರದವನು. ಬೆಳಗಾವಿಯಲ್ಲಿ ಮೂತ್ರಪಿಂಡ ತಜ್ಞರ ಪಕ್ಕದಲ್ಲಿ ಕುಳಿತು ರೋಗಿಗಳ ವರ್ಷಾನುಗಟ್ಟಲೆಯ ದಾಖಲೆಗಳನ್ನು ಓದುವುದು ನನ್ನ ಕೆಲಸ. ಆದ್ದರಿಂದ ಔಷಧಿಯ ತೀರ್ಮಾನವೆಲ್ಲ ನಿಮ್ಮ ವೈದ್ಯರದ್ದೇ. ನಾನು ಹೇಳುವುದು ಆ ಅಂಕಿಗಳನ್ನು ಓದುವ ಬಗೆ. ನೀವು ಕಳಿಸಿದ ಹದಿನೈದು ವರದಿಗಳನ್ನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡರಲ್ಲಿ ಮುದ್ರಣ ಮಾಸಿಹೋಗಿದೆ. ಶಾಖದಿಂದ ಅಚ್ಚಾಗುವ ಕಾಗದದ ಚೀಟಿಗಳು ಹಾಗೆಯೇ, ಬೇಸಿಗೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗಿದ್ದರೆ ವರ್ಷ ಕಳೆಯುವಷ್ಟರಲ್ಲಿ ಬೆಳ್ಳಗಾಗುತ್ತವೆ. ಬಂದ ದಿನವೇ ಅಂಕಿಯನ್ನು ಒಂದು ನೋಟ್‌ಪುಸ್ತಕಕ್ಕೆ ಇಳಿಸಿಡಿ.

ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ರಕ್ತಕ್ಕೆ ಸೇರುವ ಕಸ; ಅದು ನೇರ ಅಳತೆಗೋಲಲ್ಲ. ಮೂತ್ರಪಿಂಡ ಸೋಸುವ ಪ್ರಮಾಣ ಕುಗ್ಗಿದಂತೆ ಅದು ರಕ್ತದಲ್ಲಿ ಏರುತ್ತದೆ, ಆದರೆ ಒಂದೇ ಹದದಲ್ಲಿ ಏರುವುದಿಲ್ಲ. ಹಾಗಾಗಿ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಇಜಿಎಫ್‌ಆರ್ ಎಂಬ ಅಂದಾಜಿಗೆ ಬದಲಾಯಿಸಿಕೊಳ್ಳುತ್ತೇವೆ. ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಲೆಕ್ಕ ಅದು. 2021ರ ಸಿಕೆಡಿ-ಇಪಿಐ ಸೂತ್ರ ಹಾಕಿದರೆ 60 ವರ್ಷದ ಗಂಡಸಿನಲ್ಲಿ ಕ್ರಿಯಾಟಿನಿನ್ 0.9ರಿಂದ 1.8ಕ್ಕೆ ಏರುವುದೆಂದರೆ ಇಜಿಎಫ್‌ಆರ್ 98ರಿಂದ 43ಕ್ಕೆ ಬಿದ್ದಂತೆ. ಅದೇ 3.6ರಿಂದ 4.5ಕ್ಕೆ ಏರಿದರೆ ಕಳೆದುಹೋಗುವುದು ಬರೀ ನಾಲ್ಕು. ಏರಿಕೆ ಎರಡೂ ಕಡೆ 0.9, ನಷ್ಟಕ್ಕೆ ಹೋಲಿಕೆಯೇ ಇಲ್ಲ. ‘ಸ್ವಲ್ಪವೇ ಹೆಚ್ಚಾಗಿದೆ’ ಎಂದು ಜನ ಆರಂಭದಲ್ಲಿ ಸುಮ್ಮನಿರುವುದು ನನಗೆ ಬಹಳ ನೋವು ತರುವುದು ಈ ಕಾರಣಕ್ಕೆ.

ಈ ಲೆಕ್ಕದಲ್ಲಿ ನಿಮ್ಮ ತಂದೆ ಮೂರು ವರ್ಷಗಳಲ್ಲಿ 43ರಿಂದ 39ಕ್ಕೆ ಬಂದಿದ್ದಾರೆ. ದೊಡ್ಡಪ್ಪ 42ರಿಂದ 18ಕ್ಕೆ. ದಶಾಂಶಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಒಬ್ಬರದು ವರ್ಷಕ್ಕೆ 1.2ರಷ್ಟು ಇಳಿಕೆ, ಇನ್ನೊಬ್ಬರದು 8. ಇಬ್ಬರ ಸರಾಸರಿ ತೆಗೆದರೆ ವರ್ಷಕ್ಕೆ 4.6 ಬರುತ್ತದೆ. ಆ ವೇಗದಲ್ಲಿ ನಿಮ್ಮ ಮನೆಯಲ್ಲಿ ಯಾರೂ ನಡೆದಿಲ್ಲ. ನೀವು ಓದಿದ ‘ಸರಾಸರಿ ಇಷ್ಟು ವರ್ಷ’ ಇದೇ ಜಾತಿಯದು. ಮಾಘದಲ್ಲಿ ಒಂದೇ ಮಟ್ಟದ ನೀರಿರುವ ಎರಡು ಬಾವಿಗಳಲ್ಲಿ ಒಂದು ಯುಗಾದಿಗೇ ತಳ ಕಾಣುತ್ತದೆ, ಇನ್ನೊಂದು ಮಿರಗ ಮಳೆಯವರೆಗೂ ತಡೆಯುತ್ತದೆ. ಅಂದಿನ ನೀರಿನ ಮಟ್ಟವಷ್ಟೇ ಗೊತ್ತಿದ್ದರೆ ಇದನ್ನು ಹೇಳಲಾಗದು. ಒಳಗಿನ ಸೆಲೆಯೂ ಗೊತ್ತಿರಬೇಕು.

ಹಾಗಾದರೆ ಸರಾಸರಿಯನ್ನು ಬದಿಗಿಟ್ಟು ಆಯಾ ರೋಗಿಯ ಅಂಕಿಗಳನ್ನೇ ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಮೇ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಆದದ್ದನ್ನೇ ನೋಡೋಣ. ಜನವರಿಯಲ್ಲಿ ತಂದೆಯ ಇಜಿಎಫ್‌ಆರ್ 39. ಮೇ ತಿಂಗಳ 2.2 ಎಂದರೆ 33. ನಾಲ್ಕು ತಿಂಗಳಲ್ಲಿ ಆರು ಇಳಿದರೆ ವರ್ಷಕ್ಕೆ ಹದಿನೆಂಟು; ಹೀಗೇ ಹೋದರೆ ಮುಂದಿನ ಮೇ ಹೊತ್ತಿಗೆ 15! ಹೆದರಿಕೆಗೆ ಕಾರಣವಿತ್ತು, ಆದರೆ ಆ ಲೆಕ್ಕಕ್ಕೆ ಆಧಾರವಿರಲಿಲ್ಲ. ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ತುಯ್ದಾಡುತ್ತದೆ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಕಬ್ಬಿನ ಗದ್ದೆಯಿಂದ ನೇರವಾಗಿ ಲ್ಯಾಬ್‌ಗೆ ಬಂದರೆ ಏರುತ್ತದೆ. ಹಿಂದಿನ ರಾತ್ರಿ ಮಾಂಸದೂಟ ಮಾಡಿದ್ದರೆ ಏರುತ್ತದೆ. ವಾಂತಿಭೇದಿಯಾಗಿದ್ದರೆ, ಮೊಣಕಾಲು ನೋವಿಗೆಂದು ಅಂಗಡಿಯ ನೋವಿನ ಮಾತ್ರೆ ನುಂಗಿದ್ದರೆ ಏರುತ್ತದೆ. ಲ್ಯಾಬ್ ಬದಲಾದರೂ ಅಂಕಿ ಬದಲಾಗಬಹುದು. 1886ರಲ್ಲಿ ಮ್ಯಾಕ್ಸ್ ಯಾಫೆ ಕಂಡುಹಿಡಿದ ರಾಸಾಯನಿಕ ಕ್ರಿಯೆಯನ್ನೇ ಕೆಲವು ಲ್ಯಾಬ್‌ಗಳು ಇಂದಿಗೂ ಬಳಸುತ್ತವೆ, ಕೆಲವು ಕಿಣ್ವದ ವಿಧಾನ ಬಳಸುತ್ತವೆ. ಎರಡೂ ಯಾವಾಗಲೂ ತಾಳೆಯಾಗುವುದಿಲ್ಲ. ನಿಮ್ಮ ಮೇ ತಿಂಗಳ ವರದಿಯ ನೆತ್ತಿಯಲ್ಲಿರುವ ಲ್ಯಾಬ್ ಹೆಸರು ಉಳಿದ ಏಳರಲ್ಲಿ ಇಲ್ಲ. ಗಮನಿಸಿದ್ದೀರಾ?

ಒಬ್ಬ ರೋಗಿಯ ನಾಲ್ಕಾರು ಅಂಕಿಗಳು ತುಯ್ದಾಡುತ್ತವೆ, ಗುಂಪಿನ ಸರಾಸರಿ ಯಾರಿಗೂ ಹೊಂದುವುದಿಲ್ಲ. ಈ ಎರಡರ ನಡುವೆ ದಾರಿ ಹುಡುಕುವುದೇ ನನ್ನ ವಿದ್ಯೆಯ ತಿರುಳು. ನಮ್ಮ ಕಡೆಯ ರೈತರು ಈ ದಾರಿಯನ್ನು ಚೆನ್ನಾಗಿ ಬಲ್ಲರು. ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನಗಳ ಸಂತೆಯಲ್ಲಿ ಖಿಲಾರಿ ಹೋರಿ ಕೊಳ್ಳುವವರನ್ನು ನೋಡಿ. ಹೋರಿಯ ನಡಿಗೆ, ಗೊರಸು, ಹೆಗಲು ನೋಡುತ್ತಾರೆ, ಜೊತೆಗೆ ಅದರ ತಾಯಿ ಯಾವುದು, ಬೀಜ ಯಾರ ಮನೆಯದು ಎಂದು ಕೇಳುತ್ತಾರೆ. ಹೋರಿ ಎಳೆಯದಾಗಿದ್ದು ತೋರಿಸಿದ್ದು ಕಡಿಮೆಯಿದ್ದರೆ ತಳಿಯ ಮಾತಿಗೆ ತೂಕ ಹೆಚ್ಚು. ನಾಲ್ಕು ಹಂಗಾಮು ಗಳೆ ಎಳೆದ ಎತ್ತಾದರೆ ತಳಿಯ ಮಾತು ಹಿಂದೆ ಸರಿಯುತ್ತದೆ, ಅದರ ಕೆಲಸವೇ ಮಾತನಾಡುತ್ತದೆ. ನಾವು ಬಳಸುವ ಗಣಿತ ಬೆಳೆದದ್ದೂ ದನಗಳ ಜೊತೆಯಲ್ಲೇ. ಅಮೆರಿಕದ ಚಾರ್ಲ್ಸ್ ಹೆಂಡರ್ಸನ್ ಕಳೆದ ಶತಮಾನದ ಮಧ್ಯಭಾಗದಲ್ಲಿ, ಹೋರಿಗಳ ಹೆಣ್ಣು ಸಂತತಿ ಕೊಡುವ ಹಾಲನ್ನು ನೋಡಿ ಹೋರಿಯ ಗುಣವನ್ನು ಅಂದಾಜು ಮಾಡಲು ಇದನ್ನು ರೂಪಿಸಿದರು. ಒಬ್ಬೊಬ್ಬರ ಬೆಳವಣಿಗೆಯ ಗೆರೆಯನ್ನು ಗುಂಪಿನ ಗೆರೆಯ ಜೊತೆ ಹೊಂದಿಸುವ ಸಿದ್ಧಾಂತದ ಮೇಲೆ 1965ರಲ್ಲಿ ಮುಖ್ಯವಾದ ಪ್ರಬಂಧ ಬರೆದವರು ಸಿ. ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಈ ಮಾತನ್ನು ನಾನು ಎಂದೂ ಬಿಡುವುದಿಲ್ಲ. 1982ರಲ್ಲಿ ನ್ಯಾನ್ ಲೈರ್ಡ್ ಮತ್ತು ಜೇಮ್ಸ್ ವೇರ್ ಇದನ್ನು ರೋಗಿಗಳ ದೀರ್ಘಕಾಲದ ದಾಖಲೆಗಳಿಗೆ ಹೊಂದುವಂತೆ ಕೊಟ್ಟ ಮೇಲೆ ವೈದ್ಯಕೀಯದಲ್ಲಿ ಇದರ ಬಳಕೆ ಹರಡಿತು. ಕನ್ನಡದಲ್ಲಿ ಮಿಶ್ರ ಪರಿಣಾಮಗಳ ಮಾದರಿ ಎನ್ನಬಹುದು. ಪ್ರತಿ ರೋಗಿಗೂ ತನ್ನದೇ ಆರಂಭದ ಮಟ್ಟ, ತನ್ನದೇ ಇಳಿಜಾರು. ಆ ಇಳಿಜಾರುಗಳೆಲ್ಲ ಒಂದು ದೊಡ್ಡ ಗುಂಪಿನಿಂದ ಬಂದವು.

ಇದು ಹೇಗೆ ನಡೆಯುತ್ತದೆ ಎಂದು ನಿಮ್ಮ ಮನೆಯ ಅಂಕಿಗಳಲ್ಲೇ ತೋರಿಸುತ್ತೇನೆ. ಅದಕ್ಕಾಗಿ ಮೂರು ಸಂಖ್ಯೆಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ, ಇವು ಯಾವುದೇ ಅಧ್ಯಯನದವಲ್ಲ. ಇಂಥ ರೋಗಿಗಳ ಇಜಿಎಫ್‌ಆರ್ ಸರಾಸರಿ ವರ್ಷಕ್ಕೆ 3 ಇಳಿಯುತ್ತದೆ ಎನ್ನೋಣ. ರೋಗಿಯಿಂದ ರೋಗಿಗೆ ಆ ವೇಗದ ಹರವು, ಅಂದರೆ ಪ್ರಮಾಣ ವಿಚಲನೆ, 3 ಇರಲಿ. ಒಂದೊಂದು ಅಳತೆಯ ತುಯ್ದಾಟ 4 ಇರಲಿ. ಈಗ ಜನವರಿ ಮತ್ತು ಮೇ ತಿಂಗಳ ಎರಡೇ ಚುಕ್ಕಿಗಳಿದ್ದರೆ ಅವುಗಳ ನಡುವಿನ ಗೆರೆ ಎಷ್ಟು ಅಲುಗಾಡುತ್ತದೆಂದರೆ, ನಿಮ್ಮ ತಂದೆಯ ಸ್ವಂತ ಅಂಕಿಗೆ ನೂರರಲ್ಲಿ ಮೂರು ಪಾಲಿನ ತೂಕ ಮಾತ್ರ ಸಿಗುತ್ತದೆ. ಉಳಿದ ತೊಂಬತ್ತೇಳು ಪಾಲು ಗುಂಪಿನದು. ವರ್ಷಕ್ಕೆ 18 ಎಂದು ಕೂಗುತ್ತಿದ್ದ ಇಳಿಕೆ ಈ ತಕ್ಕಡಿಯಲ್ಲಿ ಮೂರೂವರೆಗೆ ಬಂದು ನಿಲ್ಲುತ್ತದೆ. ಆದರೆ ಮೂರು ವರ್ಷ, ಆರು ತಿಂಗಳಿಗೊಂದರಂತೆ ಏಳು ಚುಕ್ಕಿಗಳಿದ್ದಾಗ ತಕ್ಕಡಿ ತಿರುಗುತ್ತದೆ. ಸ್ವಂತದ್ದಕ್ಕೆ ಎಂಬತ್ತು ಪಾಲು, ಗುಂಪಿಗೆ ಇಪ್ಪತ್ತು. ಆಗ ತಂದೆಯ ಇಳಿಕೆಯ ಅಂದಾಜು ವರ್ಷಕ್ಕೆ 1.6, ದೊಡ್ಡಪ್ಪನದು 7. ಇಬ್ಬರನ್ನೂ ಸರಾಸರಿಯ ಕಡೆಗೆ ತುಸು ಎಳೆದಿದ್ದೇವೆ, ಆದರೂ ಇಬ್ಬರ ದಾರಿಗಳು ಬೇರೆಯೆಂಬುದು ಸ್ಪಷ್ಟವಾಗಿಯೇ ಉಳಿದಿದೆ. ಆ ಮೂರು ವರ್ಷ ತಪ್ಪದೆ ಪರೀಕ್ಷೆ ಮಾಡಿಸಿದ್ದರ ಬೆಲೆ ಇದು. ನೀವು ವರದಿಗಳನ್ನು ಎಸೆಯದೆ ಇಟ್ಟುಕೊಂಡಿದ್ದಕ್ಕೆ ನಿಜಕ್ಕೂ ಸಂತೋಷಪಟ್ಟೆ.

ಈಗ ಪುಡಿಗೆ ಬರುತ್ತೇನೆ. ತುಯ್ದಾಡುವ ಅಳತೆ ಯಾವುದೇ ಇರಲಿ, ಅದು ಮೇಲಕ್ಕೆ ಜಿಗಿದಾಗಲೇ ನಾವು ಗಾಬರಿಯಾಗುತ್ತೇವೆ, ಆಗಲೇ ಹೊಸದೊಂದನ್ನು ಹುಡುಕುತ್ತೇವೆ. ಮುಂದಿನ ಸಲ ಅದು ತನ್ನಷ್ಟಕ್ಕೆ ಮಾಮೂಲಿ ಮಟ್ಟದ ಹತ್ತಿರಕ್ಕೆ ಮರಳುತ್ತದೆ. ನಡುವೆ ಏನು ಕೊಟ್ಟಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸುವಾಗ ಗುರುತಿಸಿದ ಈ ಗುಣಕ್ಕೆ ಸರಾಸರಿಯೆಡೆಗಿನ ಮರಳಿಕೆ ಎನ್ನುತ್ತೇವೆ. ನಿಮ್ಮ ತಂದೆಯ ಗೆರೆ ಜನವರಿಯಲ್ಲಿ 39 ಇತ್ತು, ಜುಲೈನಲ್ಲೂ 39. ಮೇ ತಿಂಗಳ ಚುಕ್ಕಿಯೊಂದು ಗೆರೆಯಿಂದ ಹೊರಗೆ ಬಿದ್ದಿತ್ತು, ಅಷ್ಟೇ. ಬಿಸಿಲು, ಬೇರೆ ಲ್ಯಾಬ್. ಮಳೆ ಬಂದು ಹಳೆಯ ಲ್ಯಾಬ್‌ಗೆ ಮರಳಿದಾಗ ಹಳೆಯ ಅಂಕಿಯೂ ಮರಳಿತು. ಪುಡಿ ತಿನ್ನದಿದ್ದರೂ ಹಾಗೇ ಆಗುವ ಸಂಭವವೇ ಹೆಚ್ಚು.

ತಿಂದರೆ ನಷ್ಟವೇನು ಎಂದು ಕೇಳಬೇಡಿ, ನಷ್ಟವಿದೆ. ಈಶ್ವರಿ ಬಳ್ಳಿಯನ್ನು ನಮ್ಮಲ್ಲಿ ಹಾವಿನ ವಿಷಕ್ಕೂ ಹೊಟ್ಟೆನೋವಿಗೂ ಕೊಡುವ ರೂಢಿಯಿದೆ. ಆ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಮರಳಿ ಬಾರದಂತೆ ಕೆಡಿಸುತ್ತದೆ, ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಅದೇ ಕುಲದ ಗಿಡ ಸೇರಿಕೊಂಡು ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ನಿಮ್ಮ ಪುಡಿಯಲ್ಲಿ ಅದೇ ಇದೆ ಎಂದು ನಾನು ಹೇಳುತ್ತಿಲ್ಲ. ಏನಿದೆ ಎಂದು ಕೊಟ್ಟವರೇ ಬಿಡಿಸಿ ಹೇಳಲಾರದ ಪುಡಿಯನ್ನು 39ಕ್ಕೆ ಬಂದಿರುವ ಮೂತ್ರಪಿಂಡಗಳ ಮೇಲೆ ಹಾಕಬೇಡಿ ಎಂದು ಕೈಮುಗಿದು ಹೇಳುತ್ತಿದ್ದೇನೆ.

ನೀವು ಓದಿದ ಸರಾಸರಿಯ ಬಗ್ಗೆ ಇನ್ನೊಂದು ಎಚ್ಚರಿಕೆ. ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯ ಹೊರರೋಗಿ ದಾಖಲೆಗಳನ್ನು ಹರವಿಕೊಂಡು ಕುಳಿತಿದ್ದೆ. ಮೊದಲ ಮೂರು ವರ್ಷ ಸರಾಸರಿ ಇಜಿಎಫ್‌ಆರ್ ಇಳಿಯುತ್ತಿತ್ತು, ನಾಲ್ಕನೆಯ ವರ್ಷದಿಂದ ಏರತೊಡಗಿತು. ಚಿಕಿತ್ಸೆ ಫಲಿಸಿದೆ ಎಂದು ಟಿಪ್ಪಣಿ ಬರೆಯುವ ಮನಸ್ಸಾಗಿತ್ತು. ಒಬ್ಬ ಹಿರಿಯ ವೈದ್ಯೆ ನನ್ನ ಹಾಳೆಯ ಮೇಲೆ ಬೆರಳಿಟ್ಟು, ‘ಇಲ್ಲಿ ಇನ್ನೂರು ಜನ ಇದ್ದರು, ಇಲ್ಲಿ ಎಷ್ಟು ಜನ ಉಳಿದಿದ್ದಾರೆ?’ ಎಂದು ಕೇಳಿದರು. ಎಣಿಸಿದೆ, ಅರ್ಧದಷ್ಟೂ ಇರಲಿಲ್ಲ. ಬಾರದೆ ಹೋದವರ ಮನೆಗಳಿಗೆ ಫೋನ್ ಮಾಡಿಸಿದೆವು. ಕೆಲವರು ಮಿರಜದಲ್ಲಿ, ಕೆಲವರು ಸೊಲ್ಲಾಪುರದಲ್ಲಿ ಡಯಾಲಿಸಿಸ್‌ಗೆ ಸೇರಿದ್ದರು. ಕೆಲವು ಮನೆಗಳಲ್ಲಿ ಫೋನ್ ಎತ್ತಿದವರು ರೋಗಿಯ ವರ್ಷಾಬ್ದಿಕದ ದಿನವನ್ನು ಹೇಳಿದರು. ಬೇಗ ಇಳಿಯುವವರು ಪಟ್ಟಿಯಿಂದ ಬೇಗ ಮಾಯವಾಗುತ್ತಾರೆ, ನಿಧಾನವಾಗಿ ಇಳಿಯುವವರು ಉಳಿದು ಸರಾಸರಿಯನ್ನು ಮೇಲೆತ್ತುತ್ತಾರೆ. ಬಾರದೆ ಹೋದವರು ಏಕೆ ಬರಲಿಲ್ಲ ಎಂಬುದನ್ನೂ ಲೆಕ್ಕದೊಳಗೇ ಸೇರಿಸುವ ಜಂಟಿ ಮಾದರಿಗಳು ಇದಕ್ಕಾಗಿಯೇ ಹುಟ್ಟಿದವು. ಏಡ್ಸ್ ರೋಗಿಗಳ ರಕ್ತದಲ್ಲಿ ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಕುಸಿಯುವುದನ್ನೂ ಸಾವನ್ನೂ ಒಟ್ಟಿಗೆ ಓದಬೇಕಾಗಿ ಬಂದಾಗ, 1990ರ ದಶಕದಲ್ಲಿ, ಅವು ಬೆಳೆದವು. ಇಂಥ ತಿದ್ದುಪಡಿಯಿಲ್ಲದೆ ಬರೆದ ಯಾವ ‘ಸರಾಸರಿ’ಯನ್ನೂ ನಾನು ನಂಬುವುದಿಲ್ಲ. ನೀವೂ ನಂಬಬೇಡಿ.

ಇಲ್ಲಿಯವರೆಗೆ ಗೆರೆ ನೇರ ಎಂದುಕೊಂಡೇ ಮಾತನಾಡಿದೆ. ಎಲ್ಲರ ಗೆರೆಯೂ ನೇರವಲ್ಲ. ಅಮೆರಿಕದಲ್ಲಿ ನಡೆದ, ಆಸ್ಕ್ ಎಂಬ ಮೂತ್ರಪಿಂಡ ಕಾಯಿಲೆಯ ಅಧ್ಯಯನದ ರೋಗಿಗಳನ್ನು ಹನ್ನೆರಡು ವರ್ಷಗಳವರೆಗೆ ಹಿಂಬಾಲಿಸಿ ನೋಡಿದಾಗ, ಶೇ. 40ರಷ್ಟು ಜನರಲ್ಲಿ ಗೆರೆ ಬಾಗಿತ್ತು ಅಥವಾ ವರ್ಷಗಟ್ಟಲೆ ಇಳಿಯದೆ ನಿಂತಿತ್ತು. ಹಾಗೆಂದು ರೋಗಿಗಳನ್ನು ‘ವೇಗದವರು’, ‘ನಿಧಾನದವರು’ ಎಂದು ಎರಡು ಮೂರು ಬುಟ್ಟಿಗಳಿಗೆ ಹಂಚುವ ಮಾದರಿಗಳೂ ಇವೆ. ನನಗೆ ಅವುಗಳ ಮೇಲೆ ಅಷ್ಟು ಒಲವಿಲ್ಲ. ಬಹಳ ಸಲ ನಿಜದಲ್ಲಿರುವುದು ಒಂದೇ ಹರವು, ಬುಟ್ಟಿಯ ಅಂಚುಗಳನ್ನು ಹಾಕಿದವರು ನಾವು. ಒಮ್ಮೆ ‘ವೇಗದ ರೋಗಿ’ ಎಂದು ಫೈಲಿನ ಮೇಲೆ ಬರೆದರೆ ಮನೆಯವರ ಮುಖ ಬಾಡುತ್ತದೆ, ರೋಗಿ ಊಟ ಬಿಡುತ್ತಾನೆ.

ನಿಮ್ಮ ತಂದೆಗೆ ವೈದ್ಯರು ಮುಂದೆ ಡಪಾಗ್ಲಿಫ್ಲೋಜಿನ್‌ನಂಥ ಔಷಧಿ ಆರಂಭಿಸಬಹುದು. ಅದನ್ನು ಆರಂಭಿಸಿದ ಮೊದಲ ವಾರಗಳಲ್ಲಿ ಇಜಿಎಫ್‌ಆರ್ ಮೂರೋ ನಾಲ್ಕೋ ಇಳಿಯುವುದು ಸಾಮಾನ್ಯ, ಆಮೇಲೆ ಇಳಿಜಾರು ಮೊದಲಿಗಿಂತ ಸಮತಟ್ಟಾಗುತ್ತದೆ. ಮೊದಲ ಇಳಿಕೆಗೆ ಬೆದರಿ ಮಾತ್ರೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಹೊಸ ಔಷಧಿ ಆರಂಭಿಸಿದ ದಿನಾಂಕವನ್ನು ನೋಟ್‌ಪುಸ್ತಕದಲ್ಲಿ ಅಂಕಿಯ ಪಕ್ಕದಲ್ಲೇ ಬರೆಯಿರಿ. ಗೆರೆಯನ್ನು ಆ ದಿನದಿಂದ ಹೊಸದಾಗಿ ಎಳೆಯಬೇಕು.

ಒಂದೇ ಮನೆಯ ಅಣ್ಣತಮ್ಮಂದಿರಿಗೆ ಹೀಗೇಕೆ? ನಿಮ್ಮ ವರದಿಗಳಲ್ಲಿ ಇದಕ್ಕೆ ಉತ್ತರ ಕೊಡಬಲ್ಲ ಮುಖ್ಯ ಅಂಕಿಯೇ ಇಲ್ಲ. ಹದಿನೈದೂ ರಕ್ತದ ವರದಿಗಳು, ಮೂತ್ರದ ವರದಿ ಒಂದೂ ಇಲ್ಲ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಎಂಬುದು ಮುಂದಿನ ಇಳಿಜಾರಿನ ಬಗ್ಗೆ ನಮಗೆ ಸಿಗುವ ಬಲವಾದ ಸುಳಿವುಗಳಲ್ಲೊಂದು. ಒಂದು ಚಿಕ್ಕ ಡಬ್ಬಿಯಷ್ಟು ಬೆಳಗಿನ ಮೂತ್ರ ಸಾಕು. ಒಂದೇ ಕ್ರಿಯಾಟಿನಿನ್ ಇದ್ದ ಆ ದಿನವೇ ಇಬ್ಬರ ಮೂತ್ರದ ಅಂಕಿಗಳು ಅಜಗಜಾಂತರವಾಗಿದ್ದಿರಬಹುದು. ರಕ್ತದೊತ್ತಡ, ಸಕ್ಕರೆಯ ಹತೋಟಿ, ತಂಬಾಕು, ನೋವಿನ ಮಾತ್ರೆ, ಹುಟ್ಟಿನಿಂದ ಬಂದದ್ದು, ಇವೆಲ್ಲವೂ ಸೇರುತ್ತವೆ. ಕೆನಡಾದ ನವದೀಪ್ ತಂಗ್ರಿ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಸೂತ್ರಕ್ಕೆ ವಯಸ್ಸು, ಲಿಂಗ, ಇಜಿಎಫ್‌ಆರ್ ಮತ್ತು ಮೂತ್ರದ ಅಲ್ಬುಮಿನ್ ಎಂಬ ನಾಲ್ಕೇ ಅಂಕಿಗಳು ಬೇಕು. ಎರಡು ಮತ್ತು ಐದು ವರ್ಷಗಳೊಳಗೆ ಮೂತ್ರಪಿಂಡ ವಿಫಲವಾಗುವ ಸಂಭವವನ್ನು ಅದು ಹೇಳುತ್ತದೆ. 2016ರಲ್ಲಿ ಅದನ್ನು ಮೂವತ್ತಕ್ಕೂ ಹೆಚ್ಚು ದೇಶಗಳ ಏಳು ಲಕ್ಷಕ್ಕೂ ಮೀರಿದ ಜನರ ದಾಖಲೆಗಳ ಮೇಲೆ ಪರೀಕ್ಷಿಸಿದಾಗ, ಉತ್ತರ ಅಮೆರಿಕದ ಹೊರಗೆ ಅದು ಅಪಾಯವನ್ನು ಹೆಚ್ಚಾಗಿ ತೋರಿಸುತ್ತಿತ್ತೆಂದು ತಿದ್ದುಪಡಿ ಸೇರಿಸಿದರು. ನಿಮ್ಮ ವೈದ್ಯರು ಬಳಸುವುದಾದರೆ ತಿದ್ದಿದ ಸೂತ್ರವೇ ಎಂದು ಕೇಳಿ ನೋಡಿ.

ಮುಂದೇನು ಎಂದು ಕೇಳಿದಿರಿ. ಮೇಲೆ ಇಟ್ಟುಕೊಂಡ ಅದೇ ಸಂಖ್ಯೆಗಳಲ್ಲಿ, ತಂದೆಯವರ ಇಜಿಎಫ್‌ಆರ್ ಐದು ವರ್ಷಗಳ ನಂತರ 31ರ ಆಸುಪಾಸಿನಲ್ಲಿರಬಹುದು. ಕೆಳಗಡೆ 18ಕ್ಕೂ ಇಳಿಯಬಹುದು, ಈಗಿನಷ್ಟೇ ಉಳಿಯಲೂಬಹುದು. ಹರವು ಅಷ್ಟು ದೊಡ್ಡದು, ಅದನ್ನು ಬಚ್ಚಿಟ್ಟು ಒಂದೇ ಅಂಕಿ ಹೇಳುವುದು ಮೋಸ. ಅವರಿಗೆ ಬೇಕಾದದ್ದು ಮೂತ್ರದ ಪರೀಕ್ಷೆ, ಅದೇ ಲ್ಯಾಬ್, ಆರು ತಿಂಗಳಿಗೊಂದು ಚುಕ್ಕಿ, ಅಂಗಡಿಯ ನೋವಿನ ಮಾತ್ರೆ ಮತ್ತು ಪುಡಿಗಳಿಂದ ದೂರ.

ದೊಡ್ಡಪ್ಪನವರ ಮಾತು ಬೇರೆ. 18ರಿಂದ, ಡಯಾಲಿಸಿಸ್ ಮಾತು ಬರುವ 10ಕ್ಕೆ ಇಳಿಯಲು ಇದೇ ಲೆಕ್ಕದಲ್ಲಿ ಹತ್ತು ತಿಂಗಳಿನಿಂದ ಇಪ್ಪತ್ತೆರಡು ತಿಂಗಳು. ಇಂದಿನ 18 ಎಂಬುದರಲ್ಲೂ ತುಯ್ದಾಟವಿರುವುದರಿಂದ ನಿಜವಾದ ಹರವು ಇನ್ನೂ ಅಗಲ. 10 ಮುಟ್ಟಿದ ದಿನವೇ ಡಯಾಲಿಸಿಸ್ ಎಂದೂ ಇಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಐಡಿಯಲ್ ಪ್ರಯೋಗ 2010ರಲ್ಲಿ ತೋರಿಸಿದಂತೆ, ಅಂಕಿ ನೋಡಿ ಬೇಗ ಆರಂಭಿಸಿದವರು ಲಕ್ಷಣಗಳಿಗಾಗಿ ಕಾದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಆದರೆ ಸಿದ್ಧತೆಗೆ ಕಾಯುವಂತಿಲ್ಲ. ಡಯಾಲಿಸಿಸ್‌ಗಾಗಿ ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಹದಕ್ಕೆ ಬರಲು ಒಂದೂವರೆಯಿಂದ ಮೂರು ತಿಂಗಳು ಬೇಕು, ಮೂತ್ರಪಿಂಡ ಕಸಿಯ ವಿಚಾರವಿದ್ದರೆ ಇನ್ನೂ ಮುಂಚೆ ಮಾತನಾಡಬೇಕು. ಈ ತಿಂಗಳೇ ಮೂತ್ರಪಿಂಡ ತಜ್ಞರನ್ನು ಕಾಣಿಸಿ. ದೊಡ್ಡಪ್ಪ ಬಲಗೈ ಬಳಸುವವರಾದರೆ, ಇನ್ನು ಮುಂದೆ ರಕ್ತ ತೆಗೆಯುವವರು ಯಾರೇ ಬಂದರೂ, ಸಲೈನ್ ಹಾಕುವವರು ಯಾರೇ ಬಂದರೂ, ಎಡಗೈಗೆ ಸೂಜಿ ಚುಚ್ಚಲು ಬಿಡಬೇಡಿ. ಆ ರಕ್ತನಾಳಗಳು ಅವರಿಗೆ ಬೇಕಾಗುತ್ತವೆ.